ಬಣ್ಣ ಕಾಣದ ಆನೆ, ಕಟ್ಟೆಯ ತುಂಬ ಡಬ್ಬಿ

ಕಳೆದ ದೀಪಾವಳಿಯ ಹಿಂದಿನ ದಿನ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಒಂದು ಸಾವಾಯಿತು. ಸತ್ತವರು ಮಾತ್ರ ಯಾರೂ ಇರಲಿಲ್ಲ.

ಗಾಬರಿಯಾಗಬೇಡಿ. ಪವಾಡವೇನಲ್ಲ, ನಮ್ಮ ಟ್ರಸ್ಟಿನ ಕೆಲಸ. ಅದರ ಕಾರ್ಯದರ್ಶಿ ನಾನು. (ಉಳಿದವರೆಲ್ಲ ಒಲ್ಲೆ ಅಂದದ್ದರಿಂದ.)

ನಮ್ಮ ಓಣಿಯಲ್ಲಿ ಮಾರುತಿ ಗೌಂಡಿ ಎಂಬವರಿದ್ದರು. ಹಗಲೆಲ್ಲ ಊರವರ ಮನೆ ಕಟ್ಟುವುದು, ಸಂಜೆ ಉಳಿದ ಸಿಮೆಂಟು ತಂದು ತಮ್ಮ ಅಂಗಳದಲ್ಲಿ ಆನೆ ಕಟ್ಟುವುದು. ಆನೆ ಆದ ಮೇಲೆ ಕುಸ್ತಿ ಹಿಡಿದ ಪೈಲವಾನರು. ಆಮೇಲೆ ಕಬ್ಬಿನ ಟ್ರ್ಯಾಕ್ಟರು, ತಂಬಾಕಿನ ಹೆಡಿಗೆ ಹೊತ್ತ ಹೆಂಗಸರು. ಕಂಪೌಂಡ್ ಗೋಡೆಯ ತುಂಬ ಒಡೆದ ಕಪ್ಪು-ಬಸಿ, ಬಳೆಚೂರುಗಳ ಚಿತ್ತಾರ. ಟ್ರ್ಯಾಕ್ಟರ್ ಡ್ರೈವರನಿಗೆ ತಮ್ಮದೇ ಮೀಸೆ! ಯಾರೂ ಕಲಿಸಿರಲಿಲ್ಲ, ಯಾರೂ ಮಾಡು ಅಂದಿರಲಿಲ್ಲ.

ಅವರು ತೀರಿಕೊಂಡ ಮೇಲೆ ಈ ಸಿಮೆಂಟಿನ ಸಂಸಾರವೆಲ್ಲ ಅವರ ಹೆಂಡತಿ, ಓಣಿಗೆಲ್ಲ ಚಿಕ್ಕಮ್ಮನಾದ ಸೋನಾಕಾಕುವಿನ ತಲೆಯ ಮೇಲೆ ಬಂತು. ಒಂದು ಮಳೆಗಾಲದಲ್ಲಿ ಪೈಲವಾನನ ಕೈ ಉದುರಿತು. ಜಾಗ ಕೇಳಿಕೊಂಡು ಬಿಲ್ಡರ್ ಒಬ್ಬ ಬಂದ. ಅವನನ್ನು ಕಾಕು ಓಡಿಸಿದರು, ಕೈಯನ್ನು ನಾವು ಜೋಡಿಸಿದೆವು. ಹಾಗೆ ಹುಟ್ಟಿದ್ದು ನಮ್ಮ ಟ್ರಸ್ಟು. ಬಿರುಕು ಮುಚ್ಚಿಸುವುದು, ಪಾಚಿ ತೆಗೆಸುವುದು, ಶಾಲೆಯ ಮಕ್ಕಳನ್ನು ಕರೆತಂದು ತೋರಿಸುವುದು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಅಷ್ಟರಲ್ಲಿ ಪುಣೆಯ ತಜ್ಞೆಯೊಬ್ಬರು ಫೋಟೊ ನೋಡಿ ಫೋನ್ ಮಾಡಿದರು. “ಬಹಳ ಅಪರೂಪದ್ದು. ನಾನು ಬಂದು ನೋಡುವವರೆಗೆ ಹೊಸ ಬಣ್ಣ ಹಚ್ಚಬೇಡಿ. ಮೂಲ ಬಣ್ಣ ಉಳಿಯಬೇಕು.”

ನಮಗೆ ಅಷ್ಟು ಸಾಕಿತ್ತು. ಬೋರ್ಡು ಬರೆಸಿ ನಿಲ್ಲಿಸಿಯೇಬಿಟ್ಟೆವು: ಮುಟ್ಟಬಾರದು, ಬಣ್ಣ ಹಚ್ಚಬಾರದು. (ಗಡಿಯ ಊರು ನೋಡಿ, ಬೆದರಿಸುವುದಾದರೂ ಕನ್ನಡ-ಮರಾಠಿ ಎರಡರಲ್ಲೂ ಬೆದರಿಸಬೇಕು.) ಕಾಕು ಬೋರ್ಡು ನೋಡಿದರು, ಏನೂ ಅನ್ನಲಿಲ್ಲ. ಕಮಿಟಿಯವರ ಬುದ್ಧಿ ನಿಮಗೆ ಗೊತ್ತಲ್ಲ? ಯಾರಾದರೂ ಸುಮ್ಮನಿದ್ದರೆ ಸರ್ವಾನುಮತ ಎಂದು ಬರೆದುಕೊಳ್ಳುತ್ತೇವೆ.

ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಆಗಲೇಬೇಕು. ಆಗಲಿಲ್ಲವೆಂದರೆ ಆ ಮನೆಯಲ್ಲಿ ಯಾರೋ ಹೋಗಿದ್ದಾರೆ ಅಂತಲೇ ಅರ್ಥ. ಸಾವಾದ ಮನೆಯಲ್ಲಿ ಆ ಹಬ್ಬಕ್ಕೆ ಎಣ್ಣೆ ಬಾಣಲೆ ಇಡುವುದಿಲ್ಲ. ಚಕ್ಕುಲಿ, ಕರಚಿಕಾಯಿಗಳನ್ನು ನೆರೆಯವರು, ನೆಂಟರೇ ತಂದುಕೊಟ್ಟು, ಮಾತಾಡಿಸಿಕೊಂಡು ಹೋಗುತ್ತಾರೆ.

ಆವತ್ತು ಬೆಳಿಗ್ಗೆ ಪೈಲವಾನನ ಕೈ ಗಟ್ಟಿ ಇದೆಯೋ ಇಲ್ಲವೋ ನೋಡೋಣವೆಂದು ಹೋದೆ. ಕಟ್ಟೆಯ ತುಂಬ ಚಕ್ಕುಲಿಯ ಡಬ್ಬಿಗಳು. ಎದುರು ಮನೆಯ ಪದ್ಮಣ್ಣ ಗಾಂಧಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಮುಮ್ತಾಜ್ ಚಾಚಿ, ಬಾಯಿಗೆ ಸೆರಗು. ಚಪ್ಪಲಿ ಬಿಟ್ಟು ಹತ್ತಿರ ಹೋದೆ.

“ಏನಾತ್ರಿ ಪದ್ಮಣ್ಣ?”

“ನಮಗೂ ಗೊತ್ತಿಲ್ರಿ ಸರ,” ಅವರು ಪಿಸುಗುಟ್ಟಿದರು. “ಆನಿಗೆ ಬಣ್ಣ ಹಚ್ಚಿಲ್ಲ. ಕಾಕೂನ ತವರು ಭೋಜದ ಕಡೆ ಯಾರೋ ಹೋಗ್ಯಾರ ಅಂತ ಬಂದೀವಿ. ಕಾಕು ಒಳಗದಾರ. ಹೆಂಗ ಕೇಳೂದು?”

“ಅಲ್ರಿ, ಬೋರ್ಡ್ ಹಾಕೇವಲ್ಲ?”

“ಬೋರ್ಡ್ ಯಾರ್ ಓದ್ತಾರ್ರಿ?”

ಅಷ್ಟರಲ್ಲಿ ಭೋಜದಿಂದ ಕಾಕುವಿನ ತಂಗಿಯೇ ಬಂದರು. ಅವರಿಗೆ ಸುದ್ದಿ ಹೇಗೆ ಮುಟ್ಟಿತ್ತೋ, ಓಣಿಯ ತುದಿಯಿಂದಲೇ ಅಳು. “ಅಕ್ಕಾ, ನನ್ನ ಬಿಟ್ಟು ಹೋದ್ಯಲ್ಲಾ!” ಅನ್ನುತ್ತ ಅಂಗಳಕ್ಕೆ ಕಾಲಿಟ್ಟರೆ, ಅಕ್ಕ ಚಹಾದ ತಾಟು ಹಿಡಿದು ಹೊರಗೆ ಬಂದರು.

ಅಳು ನಡುವೆಯೇ ನಿಂತಿತು. “ನೀ ಅದಿಯೇನ?”

“ಅದೀನಿ. ಚಾ ಕುಡಿ.”

“ಹಂಗಾರ ಯಾರು ಹೋದ್ರು?”

“ಈ ಸರನ್ನ ಕೇಳು.”

ಎಲ್ಲರ ಕಣ್ಣೂ ನನ್ನ ಮೇಲೆ. ಮೂಲ ಬಣ್ಣ, ತಜ್ಞರು, ಸಂರಕ್ಷಣೆ ಎಂದು ಏನೇನೋ ತೊದಲಿದೆ. ಪದ್ಮಣ್ಣ ಟೋಪಿ ಹಾಕಿಕೊಂಡರು. ಮುಮ್ತಾಜ್ ಚಾಚಿ ಈಗ ಸೆರಗು ಬಾಯಿಗಿಟ್ಟದ್ದು ನಗು ತಡೆಯಲು.

ಕಾಕು ಮಾತ್ರ ನಗಲಿಲ್ಲ. “ದೀಪಾವಳಿ ಬಂತಂದ್ರ ನಾವಿಬ್ರೂ ಕೂಡೇ ಹಚ್ತಿದ್ವಿರಿ. ಆನಿಗೆ ಯಾವ ಬಣ್ಣ ಅಂತ ಜಗಳಾ. ಒಂದ ವರ್ಷ ಗುಲಾಬಿ, ಒಂದ ವರ್ಷ ನೀಲಿ. ಅವರು ತೀರಿಕೊಂಡ ವರ್ಷ ಅಷ್ಟ ಬಿಟ್ಟಿದ್ದೆ. ಆಮ್ಯಾಲ ಒಬ್ಬಾಕೀನ ಹಚ್ಚೀನಿ, ಜಗಳಾನೂ ಒಬ್ಬಾಕೀನ ಮಾಡೀನಿ. ಈಗ ನೀವು ಮತ್ತ ಸೂತಕ ತಂದಿಟ್ರಿ. ಹಿಂಗಾದ್ರ ನಿಮ್ಮ ಟ್ರಸ್ಟ್ ಬ್ಯಾಡ್ರಿ. ಪೈಲವಾನನ ಕೈ ಬಿದ್ರ ಬೀಳ್ಲಿ.”

“ಮೊದಲ ಯಾಕ ಹೇಳ್ಲಿಲ್ಲ ಕಾಕು?”

“ನೀವು ಕೇಳಿದ್ರೇನು?”

ಕೇಳಿರಲಿಲ್ಲ. ಸಿಮೆಂಟು ಯಾವುದು, ಬಿರುಕು ಎಷ್ಟು, ಎಲ್ಲ ವಿಚಾರಿಸಿದ್ದೆವು. ಆ ಮನೆಯಲ್ಲಿ ಹಬ್ಬ ಹೇಗೆ ಆಗುತ್ತದೆ ಎಂದು ಮಾತ್ರ ಕೇಳಿರಲಿಲ್ಲ.

ನಾವೇ ಹೀಗೆ ನೋಡಿ. ಉಳಿಸುವುದು ಎಂದರೆ ಮುಟ್ಟದೇ ಇಡುವುದು ಅಂದುಕೊಂಡಿದ್ದೇವೆ. ಸೋಫಾದ ಪ್ಲಾಸ್ಟಿಕ್ ಕವರ್ ತೆಗೆಯುವುದಿಲ್ಲ. ಒಳ್ಳೆಯ ಕಪ್ಪುಗಳು ಶೋಕೇಸಿನಲ್ಲೇ ಮುಪ್ಪಾಗುತ್ತವೆ. ಮದುವೆಯ ಸೀರೆ ಕಪಾಟಿನಲ್ಲೇ ಮಡಿಕೆ ಮಡಿಕೆಗೆ ಸೀಳುತ್ತದೆ. (ನಮ್ಮ ಮನೆಯ ಸೀರೆಯ ವಿಷಯ ಇದಲ್ಲ. ದಯವಿಟ್ಟು ನಮ್ಮ ಮನೆಯಲ್ಲಿ ಕೇಳಬೇಡಿ.)

ಅಲ್ಲಿಂದಲೇ ಪುಣೆಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟೆ. ಕಥೆಯೆಲ್ಲ ಕೇಳಿ ಆಕೆ ರೇಗಿದರು. “ಪ್ರತಿ ವರ್ಷ ಬಣ್ಣ ಹಚ್ಚುತ್ತಾರೆಂದು ನೀವು ನನಗೆ ಹೇಳಲೇ ಇಲ್ಲವಲ್ಲ! ಹಾಗಾದರೆ ಮೂಲ ಬಣ್ಣ ಯಾವುದು?”

ಕಾಕು ಫೋನಿನತ್ತ ಬಾಗಿದರು. “ಈ ವರ್ಷದ್ದರಿ. ಇನ್ನೂ ಹಚ್ಚಿಲ್ಲ.”

ಆ ಕಡೆಯಿಂದ ದೊಡ್ಡ ನಗು. ಅಂಗೈಯಗಲ ಜಾಗ ಮಾತ್ರ ಹಾಗೇ ಬಿಡಿ, ಹಳೆಯ ಪದರಗಳನ್ನು ನಾನು ನೋಡಬೇಕು, ಉಳಿದದ್ದು ನಿಮ್ಮಿಷ್ಟ ಎಂದರು. ಕಾಕು ಆನೆಯ ಹೊಟ್ಟೆಯ ಕೆಳಗೆ ಜಾಗ ತೋರಿಸಿದರು. “ಅಲ್ಲಿ ಯಾರೂ ಬಗ್ಗಿ ನೋಡೂದಿಲ್ಲ.”

ಮಾತಾಡಿಸಲು ಬಂದವರೆಲ್ಲ ಬ್ರಷ್ ಹಿಡಿದರು. ಪದ್ಮಣ್ಣನ ಗೇಟಿಗೆ ತಂದು ಉಳಿದ ಹಸಿರು ಬಂತು, ಚಾಚಿಯ ಮನೆಯಿಂದ ಅರ್ಧ ಡಬ್ಬಿ ಕೆಂಪು. ಆನೆಗೆ ಕೆಂಪೇ ಬೇಕೆಂದು ಭೋಜದ ತಂಗಿ ಹಟ ಹಿಡಿದರು. ಹಸಿರು ಎಂದು ಕಾಕು. ಅಕ್ಕ-ತಂಗಿಯ ಜಗಳ ರಂಗೇರಿತು. ಬಹಳ ವರ್ಷಗಳ ಮೇಲೆ ಜಗಳಕ್ಕೆ ಎದುರಾಳಿ ಸಿಕ್ಕ ಖುಷಿ ಕಾಕುವಿನ ಮುಖದಲ್ಲಿ! ಸಂಜೆಯ ಹೊತ್ತಿಗೆ ಆನೆ ಹಸಿರಾಯಿತು, ಕಿವಿ ಕೆಂಪಾದವು. ದುಃಖಕ್ಕೆಂದು ಬಂದ ಚಕ್ಕುಲಿ ಸಂತೋಷಕ್ಕೆ ಖಾಲಿಯಾಯಿತು. ಬೋರ್ಡನ್ನು ನಾನೇ ಕಿತ್ತು ಕಂಕುಳಲ್ಲಿ ಇಟ್ಟುಕೊಂಡೆ.

ಹೊರಟು ಗೇಟಿಗೆ ಬಂದಾಗ ಹಿಂದೆ ಚುಂಯ್ ಎಂಬ ಸದ್ದು. ಕಾಕು ಎಣ್ಣೆ ಬಾಣಲೆ ಇಟ್ಟಿದ್ದರು.

ನಮ್ಮ ಟ್ರಸ್ಟಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ಯಾವ ತಜ್ಞರು ಕೊಟ್ಟಾರು?