ಕೈಗುಣ ಕಳೆದ ಮೇಲೆ

ವಸ್ತುಸಂಗ್ರಹಾಲಯದ ಹಿಂಬದಿಯ ಮೂಳೆ ಕೋಣೆಯಲ್ಲಿ ಅವಳಿಗೆ ಇಲಿಯಕ್ಕ ಎಂದೇ ಹೆಸರು. ನಡುಗಡ್ಡೆಯ ಇಲಿಗಳ ದವಡೆಯ ಆಕಾರವೇ ಬೇರೆ, ದಡದ ಇಲಿಗಳದೇ ಬೇರೆ ಎಂದು ವರ್ಷಗಳಿಂದ ಹಟ ಹಿಡಿದವಳು. "ತಾನು ಹಿಡಿದ ಇಲಿಗೆ ಮೂರೇ ಕಾಲು" ಎಂದು ಜೊತೆಯವರು ಗಾದೆ ತಿರುಚಿ ನಕ್ಕರೆ ತಾನೂ ನಗುತ್ತಿದ್ದಳು. ಹಟ ಮಾತ್ರ ಬಿಡುತ್ತಿರಲಿಲ್ಲ.

ಅದನ್ನು ಸಾಬೀತು ಮಾಡುವ ಕಾಲ ಕಡೆಗೂ ಬಂತು. ಹೆಬ್ಬೆರಳ ಉಗುರಿನಷ್ಟಿರುವ ದವಡೆಗಳ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದೊಂದರ ಮೇಲೂ ಗೊತ್ತು ಮಾಡಿದ ಜಾಗಗಳಲ್ಲಿ ಚುಕ್ಕಿ ಇಡಬೇಕು: ಹಲ್ಲಿನ ಬುಡ, ಗಲ್ಲದ ತುದಿ, ಹಿಂದಿನ ಕೊಕ್ಕೆ, ಹೀಗೆ. ಆಮೇಲೆ ಲೆಕ್ಕವು ಗಾತ್ರವನ್ನು ಬದಿಗಿಟ್ಟು ಬರೀ ಆಕಾರವನ್ನು ಹೋಲಿಸುತ್ತದೆ. ನಡುಗಡ್ಡೆಯ ದವಡೆಗಳಿಗೆ ಅವಳು ಚುಕ್ಕಿ ಇಟ್ಟಳು, ದಡದವಕ್ಕೆ ಪಕ್ಕದ ಮೇಜಿನ ಸರಸರಣ್ಣ. ಕೆಲಸದ ವೇಗ ನೋಡಿ ಇಟ್ಟ ಹೆಸರದು.

ಪರದೆಯ ಮೇಲೆ ನಡುಗಡ್ಡೆಯದೊಂದು, ದಡದ್ದೊಂದು ಎಂದು ಎರಡು ಗುಂಪು ಮೂಡಿದವು. ನಡುವೆ ಬಸ್ಸು ಹೋಗುವಷ್ಟು ಜಾಗ! ಇಲಿಯಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ವಿಭಾಗದ ಮುಖ್ಯಸ್ಥೆ ಮೇಡಂ ಓಡಿ ಬಂದು ಬೆನ್ನು ತಟ್ಟಿ, ಮುಂದಿನ ವಾರದ ಸಭೆಯಲ್ಲಿ ನೀನೇ ಮಾತಾಡು ಎಂದರು. ಅವತ್ತು ಮನೆಗೆ ಹೋಗುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಮ್ಮ, ಚಿಕ್ಕಮ್ಮ ಸೇರಿ ನಡೆಸುವ ಹೊಲಿಗೆ ಅಂಗಡಿ. ಯಾರದೋ ಅಂಗಿ ವಾಪಸ್ಸು ಬಂದಿತ್ತು.

"ನಿನ್ನ ಕೈ ಬಿಗಿ ಕಣೇ. ನೀನು ಟೇಪು ಹಿಡಿದ್ರೆ ಉಸಿರು ಕಟ್ಟತ್ತೆ" ಎಂದರು ಅಮ್ಮ.

"ನಿಂದು ಸಡಿಲ, ಅಕ್ಕ. ನೀನು ಅಳೆದ ಅಂಗೀಲಿ ಇಬ್ಬರು ಹಿಡೀತಾರೆ."

ಈ ಜಗಳ ಇಲಿಯಕ್ಕ ಹುಟ್ಟಿದಾಗಿನಿಂದ ಕೇಳಿದ್ದೇ. ಗಿರಾಕಿ ಒಬ್ಬಳೇ, ಇಬ್ಬರ ಟೇಪಿನಲ್ಲಿ ಮೈ ಮಾತ್ರ ಎರಡು.

"ಅವರವರ ಕೈಗುಣ, ಏನ್ಮಾಡೋಕಾಗತ್ತೆ" ಎಂದು ಅಮ್ಮ ಹೊಲಿಗೆ ಬಿಚ್ಚತೊಡಗಿದರು.

ಕೈಗುಣ! ಇಲಿಯಕ್ಕ ಚೀಲ ಕೆಳಗಿಟ್ಟು ಲೆಕ್ಕ ಹಾಕಿದಳು. ನಡುಗಡ್ಡೆಯದೆಲ್ಲ ತನ್ನ ಕೈ, ದಡದ್ದೆಲ್ಲ ಸರಸರಣ್ಣನ ಕೈ. ಪರದೆಯ ಮೇಲಿನ ಆ ದೂರ ಇಲಿಗಳದ್ದೋ, ತಮ್ಮಿಬ್ಬರದೋ? ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಗೇಲಿ ಮಾಡಿಸಿಕೊಂಡು ಹಿಡಿದ ಹಟ ಸುಳ್ಳಿನ ಮೇಲೆ ಗೆಲ್ಲುವುದೆಂದರೆ ಅವಳಿಗೆ ಮೈಯುರಿ.

"ನನ್ನ ಕೈ ಮೇಲೆ ಅನುಮಾನಾನಾ?" ಮರುದಿನ ಸರಸರಣ್ಣ ಮುಖ ಊದಿಸಿದ.

"ನನ್ನ ಕೈ ಮೇಲೂ ಅಣ್ಣಾ. ಗಲ್ಲದ ತುದಿ ಎಲ್ಲಿ, ತೋರ್ಸು."

ಅವನು ಮೂಳೆಯ ಹೊರ ಅಂಚಿಗೆ ಬೆರಳಿಟ್ಟ. ಅವಳು ಚುಕ್ಕಿ ಇಡುತ್ತಿದ್ದುದು ಅಲ್ಲಿಂದ ಕೂದಲೆಳೆಯಷ್ಟು ಒಳಗೆ. ತುದಿ ಎಂಬ ಒಂದೇ ಮಾತಿಗೆ ಅಕ್ಕಪಕ್ಕದ ಮೇಜುಗಳಲ್ಲಿ ಎರಡು ಅರ್ಥ! ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು.

ಮೊದಲು ತುದಿ ಎಂದರೆ ಯಾವುದೆಂದು ಒಪ್ಪಂದವಾಯಿತು. ಆಮೇಲೆ ಹಳೆಯ ಚುಕ್ಕಿಗಳನ್ನೆಲ್ಲ ಅಳಿಸಿ, ಎಲ್ಲಿಯದೆಂಬ ಚೀಟಿ ಮುಚ್ಚಿ, ಎರಡೂ ಕಡೆಯ ದವಡೆಗಳನ್ನು ಬೆರೆಸಿದರು. ಪ್ರತಿಯೊಂದಕ್ಕೂ ಇಬ್ಬರೂ ಎರಡೆರಡು ಸಲ ಚುಕ್ಕಿ ಇಟ್ಟರು, ಪ್ರತಿ ಸಲವೂ ಹೊಸ ಫೋಟೊ ತೆಗೆದು. ಒಂದೇ ದವಡೆಯ ಚುಕ್ಕಿಗಳು ಸಲದಿಂದ ಸಲಕ್ಕೆ, ಕೈಯಿಂದ ಕೈಗೆ ಎಷ್ಟು ಅಲುಗುತ್ತವೋ ಅಷ್ಟೂ ಕೈಗುಣ; ಅದನ್ನು ಮೀರಿ ನಿಂತದ್ದು ಮಾತ್ರ ಇಲಿಯದು.

ಸಭೆಯ ಹಿಂದಿನ ಮಧ್ಯಾಹ್ನ ಲೆಕ್ಕ ಮುಗಿಯಿತು. ಮೇಡಂ ಸೇರಿ ಮೂವರೂ ಪರದೆಗೆ ಮೂಗು ತಾಗಿಸಿ ನಿಂತರು. ಗುಂಪುಗಳು ಹತ್ತಿರ ಸರಿದಿದ್ದವು. ಗಲ್ಲದ ತುದಿಯಲ್ಲಿ ಕಂಡಿದ್ದ ದೊಡ್ಡ ವ್ಯತ್ಯಾಸ ಹೇಳಹೆಸರಿಲ್ಲದಂತೆ ಹೋಗಿತ್ತು. ಬಸ್ಸಿನ ಜಾಗ ಹೋಗಿ ಸೈಕಲ್ಲಿನ ಜಾಗ. ಆದರೆ ಗುಂಪುಗಳು ಬೆರೆತಿರಲಿಲ್ಲ! ಹಿಂದಿನ ಕೊಕ್ಕೆಯ ಬಾಗಿನಲ್ಲಿ ನಡುಗಡ್ಡೆಯ ಇಲಿ ಬೇರೆಯೇ ಆಗಿ ನಿಂತಿತ್ತು, ಯಾರ ಕೈ ಇಟ್ಟರೂ, ಎಷ್ಟನೇ ಸಲ ಇಟ್ಟರೂ.

ಇಲಿಯಕ್ಕನಿಗೆ ಕಣ್ಣು ತುಂಬಿ ಬಂತು. ಸರಸರಣ್ಣ ಮೇಜು ಬಡಿದ.

"ಮುಕ್ಕಾಲು ಪಾಲು ಹೋಯ್ತಲ್ಲೇ" ಎಂದು ಮೇಡಂ ಪೇಚಾಡಿದರು.

"ಹೋಗಿದ್ದು ನಮ್ದು ಮೇಡಂ" ಎಂದಳು ಇಲಿಯಕ್ಕ. "ಉಳಿದಿದ್ದು ಇಲೀದು!"