ಬತೂಲ್ ಕಲಸಿದ ಕಲ್ಲು

ನನ್ನ ಹೆಂಡ್ತಿ ಬತೂಲ್ ಗೋರಂಟಿ ಹಚ್ಚಿದ್ಲು ಅಂದ್ರೆ, ಸುಡಾನಿನ ನಮ್ಮ ಓಮ್ದುರ್ಮಾನ್ ಊರಿನ ಕಾಗೆಗಳೆಲ್ಲ ಮದುಮಗಳ ಕೈ ನೋಡಿ ನಮ್ಮ ನಾದಿನಿ ಬಂದ್ಲು ಅಂತ ಕಿಟಕಿ ಮೇಲೆ ಸಾಲಾಗಿ ಕೂರ್ತಿದ್ವು. ಸರಿ ಸರಿ, ಕಾಗೆ ಎರಡೇ ಇದ್ವು. ಕಪ್ಪು ಮಾತ್ರ ನಿಜ. ನಮ್ಮಲ್ಲಿ ಮದುಮಗಳ ಕೈಕಾಲು ಕೆಂಪಗಾದ್ರೆ ಸಾಲ್ದು, ಇದ್ದಲಿನ ಹಾಗಿರ್ಬೇಕು. ಬರೀ ಸೊಪ್ಪಲ್ಲಿ ಅಷ್ಟು ಕಪ್ಪಾಗ್ಬೇಕಾದ್ರೆ ಮೂರು ದಿನ ಹಚ್ತಾ, ಒಣಗಿಸ್ತಾ ಕೂರ್ಬೇಕು. ಕಾಯೋರು ಯಾರು?

ಅದಕ್ಕೇ ಕಲ್ಲು. ಕಾರ್ಖಾನೇಲಿ ತುಪ್ಪಳಕ್ಕೂ ಕೂದಲಿಗೂ ಬಣ್ಣ ಕಟ್ಟೋಕೆ ಮಾಡೋ ಹರಳು. ನೋಡೋಕೆ ಹಳೇ ಬೆಲ್ಲದ ಚೂರು. ಪುಡಿ ಮಾಡಿ ಗೋರಂಟಿಗೆ ಕಲಸಿ ಗಾಳಿಗಿಟ್ರೆ ಕಾಲು ಗಂಟೇಲಿ ಕಾಡಿಗೆ. ಟ್ಯಾಕ್ಸಿ ಓಡಿಸ್ಕೊಂಡು ಬರೋವಾಗ ನಾನೇ ಪೇಟೆಯಿಂದ ಪೇಪರಲ್ಲಿ ಕಟ್ಟಿಸ್ಕೊಂಡು ತರ್ತಿದ್ದೆ. ಎಷ್ಟು ಹಾಕ್ತಾಳೋ ನಂಗೂ ಹೇಳ್ತಿರ್ಲಿಲ್ಲ. ಗೋರಂಟಿಯವಳು ಬೆರಕೆ ಬಾಯ್ಬಿಟ್ರೆ ಅವಳ ಕಸುಬೇ ಹೋದಂಗೆ. ಇದು ವಿಷ ಅಂತಾರಲ್ಲೇ ಅಂದ್ರೆ, "ಮೂವತ್ತು ವರ್ಷದಿಂದ ಇದೇ ಬೆರಳಲ್ಲಿ ಕಲಸ್ತಿದೀನಿ. ಉದುರಿ ಹೋದ್ವಾ?" ಅಂತ ಹತ್ತು ಬೆರಳೂ ನನ್ನ ಮೂಗಿನ ಮುಂದೆ ಹಿಡಿಯೋಳು.

ಪಕ್ಕದ ಬೀದಿ ಹುಡುಗಿ ಇಖ್ಲಾಸ್ ಮದುವೆ. ಮಾರನೇ ದಿನವೇ ಮದುಮಗಳು ಎಲ್ಲರೆದುರು ಕುಣಿಯೋ ಶಾಸ್ತ್ರ. ಬತೂಲ್ ಒಂದು ಸಲ ಹಚ್ಚಿ ಮುಗಿಸಿದ್ಲು. ಗಂಡಿನ ಸೋದರತ್ತೆ ಬಂದು ಹುಡುಗಿ ಅಂಗೈ ತಿರುಗಿಸಿ ನೋಡಿದ್ಲು.

"ಏನಮ್ಮ ಬತೂಲ್, ಇದು ಗೋರಂಟಿನೋ, ಚಹಾ ಚೆಲ್ಕೊಂಡಿದ್ದೋ?"

ಬತೂಲ್ ಮೂತಿ ಬಿಗಿಯಾಯ್ತು. ಒಳಗೆ ಹೋಗಿ ಇನ್ನೊಂದು ಸಲ ಕಲಸ್ಕೊಂಡು ಬಂದ್ಲು. ಮೊಣಕೈವರೆಗೆ, ಮೊಣಕಾಲುವರೆಗೆ ಬಳಿದ್ಲು.

"ಚಿಕ್ಕಮ್ಮ, ಉರೀತಿದೆ," ಅಂದ್ಲು ಇಖ್ಲಾಸ್. "ತುಟಿ ಏನೋ ದಪ್ಪ ಆದಂಗಿದೆ."

"ಗಂಡು ನೆನೆಸ್ಕೋತಿದ್ದಾನೆ ಕಣೆ, ಸುಮ್ನಿರು," ಅಂದ್ಲು ಸೋದರತ್ತೆ. ಹೆಂಗಸರೆಲ್ಲ ನಕ್ರು. ಅಂಗಳದಲ್ಲಿ ಚಹಾ ಹೀರ್ತಿದ್ದ ನಾನೂ ನಕ್ಕೆ.

ಅರ್ಧ ಗಂಟೆ ಆಗ್ಲಿಲ್ಲ. ಹುಡುಗಿ ಮುಖ ಕಲ್ಲಂಗಡಿ ಆಯ್ತು. ಕಣ್ಣು ಕಾಣ್ತಿರ್ಲಿಲ್ಲ. ನಾಲಿಗೆ ಬಾಯೊಳಗೆ ಹಿಡಿಸ್ತಾ ಇರ್ಲಿಲ್ಲ. ನಾನು ಸುಳ್ಳು ಹೇಳೋನು, ಒಪ್ಕೋತೀನಿ, ಆದ್ರೆ ಇದಕ್ಕೆ ಒಂದಕ್ಷರ ಸೇರಿಸೋಕೆ ನಂಗೆ ಧೈರ್ಯ ಇಲ್ಲ. ಹುಡುಗಿ, ಅವಳ ತಾಯಿ, ಬತೂಲ್, ಸೋದರತ್ತೆ ಎಲ್ರನ್ನೂ ಟ್ಯಾಕ್ಸೀಲಿ ಹಾಕ್ಕೊಂಡು ಹೊರಟೆ. ಹಿಂದಿನ ಸೀಟಲ್ಲಿ ಹುಡುಗಿ ಉಸಿರು ತೂತು ಬಿದ್ದ ತಿದಿ ಥರ ಕೇಳ್ತಿತ್ತು. ಆಸ್ಪತ್ರೆ ಬಾಗಿಲಲ್ಲಿ ಆ ಸದ್ದೂ ನಿಂತಿತು. ಡಾಕ್ಟ್ರು ಕತ್ತು ಕೊಯ್ದು ಉಸಿರಾಡೋಕೆ ಕೊಳವೆ ಇಟ್ರು.

ಆಮೇಲೆ ಡಾಕ್ಟ್ರು ಹೊರಗೆ ಬಂದ್ರು. "ಏನು ತಿಂದ್ಲು? ಏನಾದ್ರೂ ಕಚ್ತಾ?"

"ಮೀನು ತಿಂದಿದ್ಲು," ಅಂದ್ಲು ಅವಳ ತಾಯಿ. "ಮೀನೇ ಇರ್ಬೇಕು."

ಎಲ್ರೂ ಹೂಂ ಅಂದ್ರು. ಬತೂಲ್ ಕೈ ಸೆರಗಲ್ಲಿ ಮುಚ್ಕೊಂಡಿದ್ಲು. ಸುಮ್ನಿದ್ರೆ ತಪ್ಪು ಮೀನಿನ ಮೇಲೆ ಹೋಗೋದು. ನಾನು, ದೇವರು ಕ್ಷಮಿಸ್ಲಿ, ಸುಮ್ನಿರು ಅಂತ ಕಣ್ಸನ್ನೆ ಮಾಡ್ದೆ.

ಅವಳು ಸೆರಗಿಂದ ಕೈ ಹೊರಗೆ ತೆಗೆದ್ಲು. "ಮೀನಲ್ಲ. ಕಲ್ಲು ಹಾಕಿದೀನಿ. ನಾಲ್ಕು ಚಮಚ."

ತಾಯಿ ಅವಳ ಕೆನ್ನೆಗೆ ಬಾರಿಸಿದ್ಲು. ಡಾಕ್ಟ್ರು ಅದನ್ನ ನೋಡೋಕೂ ನಿಲ್ಲಲಿಲ್ಲ, ನರ್ಸಿಗೆ ಕೂಗಿ ಹೇಳಿದ್ರು, ಮೈಕೈ ತೊಳೀರಿ, ಮೂತ್ರ ನೋಡ್ತಾ ಇರಿ. ಸಂಜೆ ಹೊತ್ತಿಗೆ ಮೂತ್ರ ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು. "ನೀವು ಹೇಳ್ದೆ ಇದ್ದಿದ್ರೆ ಉಸಿರು ಬಂತು ಅಂತ ಸುಮ್ನಾಗ್ತಿದ್ವಿ. ಕಿಡ್ನಿ ಕೈಕೊಟ್ಟು ಸಾಯ್ತಿದ್ಲು," ಅಂದ್ರು ಡಾಕ್ಟ್ರು. "ಈ ಕಲ್ಲು ಒಬ್ಬರ ಕೈಲಿ ಮೂವತ್ತು ವರ್ಷ ಸುಮ್ನಿರುತ್ತೆ, ಇನ್ನೊಬ್ಬರನ್ನ ಒಂದೇ ಗಂಟೇಲಿ ಮುಗಿಸುತ್ತೆ."

ಹತ್ತೊಂಬತ್ತು ದಿನ ಇಖ್ಲಾಸ್ ಆಸ್ಪತ್ರೇಲಿದ್ಲು. ಬತೂಲ್ ದಿನಾ ಆಸ್ಪತ್ರೆ ಗೇಟಿನ ಹೊರಗೆ ಕೂತ್ಲು, ಹುಡುಗಿ ಮನೆಯವರು ಒಳಗೆ ಬಿಡ್ತಿರ್ಲಿಲ್ಲ. ಕೊನೇ ದಿನ ಆ ತಾಯೀನೇ ಬಂದು ಅವಳನ್ನ ಒಳಗೆ ಕರ್ಕೊಂಡು ಹೋದ್ಲು. ಇಖ್ಲಾಸ್ ಕತ್ತಿನ ತೂತಿನ ಮೇಲೆ ಬೆರಳಿಟ್ಟು ಗೊರಗೊರ ಅಂತ ಮಾತಾಡಿದ್ಲು.

"ಚಿಕ್ಕಮ್ಮ, ಬಣ್ಣ ಚೆನ್ನಾಗಿ ಬಂತು."

ಬತೂಲ್ ಕೈ ಮತ್ತೆ ಸೆರಗೊಳಗೆ ಸೇರಿಸ್ಕೊಂಡ್ಲು.

ಈಗ್ಲೂ ಹಚ್ತಾಳೆ, ಬರೀ ಸೊಪ್ಪು. ಬಂದ ಹೆಣ್ಣುಮಕ್ಕಳಿಗೆ ಮೊದ್ಲು ಈ ಕಥೆ ಹೇಳ್ತಾಳೆ. ನಾಲ್ವರಲ್ಲಿ ಮೂವರು ಎದ್ದು ಮುಂದಿನ ಬೀದಿಗೆ ಹೋಗ್ತಾರೆ, ಅಲ್ಲಿ ಇನ್ನೊಬ್ಬಳು ಕಲ್ಲು ಹಾಕ್ತಾಳೆ, ಕಾಲು ಗಂಟೇಲಿ ಆಗುತ್ತಲ್ಲ. ಬತೂಲ್ ಚಪ್ಪಲಿ ಮೆಟ್ಕೊಂಡು ಅವರ ಹಿಂದೆ ಆ ಬಾಗಿಲವರೆಗೂ ಹೇಳ್ತಾನೇ ಹೋಗ್ತಾಳೆ.