ಚೀಲದ ಮೇಲಿನ ‘ಬನ್ನಿ’

ನನ್ನ ಹೆಂಡತಿ ತೀರಿಕೊಂಡ ವರ್ಷ. ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತ ಒಂದು ಹೊಸ ಕಾಫಿ ಹೋಟೆಲಿನ ಮುಂದೆ ನಿಂತಿದ್ದೆ. ಒಬ್ಬ ಪೇಂಟರ್ ಏಣಿ ಹತ್ತಿ ‘ಕಾಫಿಗೆ ಬನ್ನಿ’ ಎಂದು ಬೋರ್ಡು ಬರೆಯುತ್ತಿದ್ದ. ಯಜಮಾನ ಕೆಳಗಿನಿಂದ ಗದರಿದ:

“ಏನ್ಲಾ ಇದು, ತಾಲ್ಲೂಕು ಕಚೇರಿ ಬೋರ್ಡ್ ಇದ್ದಂಗದೆ! ಜನ ಒಳಕ್ ಬರಾಕೇ ಎದುರ್ಕೋತಾರೆ ಕಣ್ಲಾ. ಅಳ್ಸು!”

ಪೆಚ್ಚಾಗಿ ಇಳಿದವನು ನನ್ನ ಕೈಚೀಲ ನೋಡಿದ. ಅದರ ಮೇಲೆ ಅವಳು ಕೆಂಪು ದಾರದಲ್ಲಿ ‘ಬೇಗ ಬನ್ನಿ’ ಎಂದು ಕಸೂತಿ ಹಾಕಿದ್ದಳು. ಅಕ್ಷರಗಳು ಅವಳ ಕೈಬರಹದ ಹಾಗೆಯೇ ಒಂದಕ್ಕೊಂದು ಒರಗಿಕೊಂಡಿದ್ದವು.

“ಯಾರ್ ಬರ್ದಿದ್ದು ಸಾ?”

“ನಮ್ಮ ಮನೆಯವರು.”

“ಒಂದ್ ಗಳಿಗೆ ಕೊಡಿ ಸಾ. ‘ಬನ್ನಿ’ ಅನ್ನಾದ್ನ ಇಂಗೇ ಬರ್ಕೋತೀನಿ.”

ಚೀಲ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನಾನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಬಸ್ಸು ಬಂತು, ಹೋಯಿತು.

“‘ನ್ನಿ’ಯ ಗುಡಿಸು ಇನ್ನೂ ಸ್ವಲ್ಪ ಸಡಿಲವಾಗಿರಲಿ,” ಎಂದೆ. ಅವನು ಒರೆಸಿ ಮತ್ತೆ ಬರೆದ. ಈಗ ಅದು ಅವಳದೇ ಅಕ್ಷರವಾಯಿತು.

“ಅಮ್ಮಾರ್ನೂ ಒಂದ್ಸಲ ಕರ್ಕಂಬನ್ನಿ ಸಾ, ನೋಡ್ಲಿ,” ಅಂದ.

ಆಗಲಿ ಎಂದು ತಲೆಯಾಡಿಸಿದೆ.

ಆ ಹೋಟೆಲಿನ ಕಾಫಿ ಬಾಯಿಗಿಡುವ ಹಾಗಿರಲಿಲ್ಲ. ಆದರೂ ಅತ್ತ ಹೋದಾಗಲೆಲ್ಲ ಒಳಗೆ ಹೋಗಿ ಕುಡಿಯುತ್ತಿದ್ದೆ. ಅವಳು ಅಷ್ಟು ಕರೆಯುವಾಗ ಹೋಗದೆ ಇರುವುದು ಹೇಗೆ?